ವಿಸರ್ಗದ ಜಾಗದಲ್ಲಿ ಕೂತಿದ್ದ ಕೋಲನ್: ನನ್ನ ಅನುಭವ

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ಪಾರಾಯಣದ ಬಳಗಕ್ಕೆಂದು, ಮರಾಠಿ ನೆರೆಯವರಿಗೂ ಓದಲು ಬರಲಿ ಎಂಬ ಉದ್ದೇಶದಿಂದ, ನಾನು ಸಂಸ್ಕೃತ ಸ್ತೋತ್ರಗಳನ್ನು ದೇವನಾಗರಿಯಲ್ಲಿ ಟೈಪ್ ಮಾಡಿಟ್ಟಿದ್ದೆ. ಅಚ್ಚಿಗೆ ಕೊಡುವ ಮುನ್ನ, ಬೇರೊಂದು ಪಾಠದಿಂದ ನಕಲು ಮಾಡಿದ ‘ನಮಃ’ ಪದವನ್ನು ಕಡತದಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಕಣ್ಣೆದುರಿನ ಪುಟದಲ್ಲೇ ಆ ಪದ ಮೂರು ಸಲ ಇತ್ತು.

ಅಕ್ಷರವನ್ನು ಹಿಗ್ಗಿಸಿ ನೋಡಿದಾಗ ಕಾರಣ ತಿಳಿಯಿತು. ವಿಸರ್ಗದ ಕೀಲಿ ಯಾವುದೆಂದು ಅರಿಯದೆ ನಾನು ಎಲ್ಲೆಡೆ ಕೋಲನ್ ಒತ್ತಿದ್ದೆ. ನೋಟಕ್ಕೆ ಎರಡೂ ಒಂದೇ ಆದರೂ ಕಂಪ್ಯೂಟರಿಗೆ ಕೋಲನ್ ಬರಿಯ ಲೇಖನಚಿಹ್ನೆ. ದೇವನಾಗರಿ ವಿಸರ್ಗಕ್ಕೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಏರ್ಪಾಡಾದ ಯುನಿಕೋಡ್‌ನಲ್ಲಿ 0903 ಎಂಬ ಬೇರೆಯೇ ಸಂಖ್ಯೆಯಿದೆ. ಅವಗ್ರಹದ (ಲೋಪವಾದ ಅಕಾರವನ್ನು ಸೂಚಿಸುವ ‘ಽ’ ಚಿಹ್ನೆಯ) ಗತಿಯೂ ಅದೇ ಆಗಿತ್ತು: ‘ಸೋಽಹಮ್’ ಎಂಬಲ್ಲಿ ಇಂಗ್ಲಿಷಿನ ಎಸ್ ಅಕ್ಷರ ಕೂತಿತ್ತು. ಶಾಸ್ತ್ರಪಾಠದಲ್ಲಿ ಇಂಥ ತಪ್ಪು ಸಣ್ಣದಲ್ಲ.

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಭಾರತೀಯ ಲಿಪಿಗಳ ಪ್ರಮಾಣಿತ ಕೀಲಿ ವಿನ್ಯಾಸದ ‘ಹಿಂದಿ ಟ್ರೆಡಿಷನಲ್’ ಕೀಲಿಮಣೆಯನ್ನು ಸೇರಿಸಿಕೊಂಡೆ. ಅದರಲ್ಲಿ ಶಿಫ್ಟ್ ಹಿಡಿದು ಹೈಫನ್ ಕೀಲಿ ಒತ್ತಿದರೆ ವಿಸರ್ಗ ಬರುತ್ತದೆ. ಅವಗ್ರಹವನ್ನು ವಿಂಡೋಸ್‌ನಲ್ಲೇ ಇರುವ ಅಕ್ಷರಪಟ್ಟಿಯಾದ ಕ್ಯಾರೆಕ್ಟರ್ ಮ್ಯಾಪ್‌ನಿಂದ ನಕಲು ಮಾಡಿದೆ. ಹಳೆಯ ಕೋಲನ್‌ಗಳನ್ನು ಮಾತ್ರ ಒಂದೇ ಏಟಿಗೆ ಬದಲಿಸಲು ಹೋಗಲಿಲ್ಲ, ಏಕೆಂದರೆ ಪಾರಾಯಣದ ವೇಳೆ ‘ಸಂಜೆ 6:30’ ಎಂದಿರುವಲ್ಲಿ ಕೋಲನ್ ಕೋಲನ್ನಾಗಿಯೇ ಉಳಿಯಬೇಕಿತ್ತು. ಒಂದೊಂದನ್ನೂ ನೋಡಿ ತಿದ್ದಲು ಎರಡು ಸಂಜೆ ಹಿಡಿಯಿತು.

ವೇದಮಂತ್ರಗಳಲ್ಲಿ ಅನುದಾತ್ತದ (ತಗ್ಗಿನ ಸ್ವರದ) ಅಡಿಗೆರೆ ಬೇಕಾದಾಗ, ವರ್ಡ್‌ನಲ್ಲಿ ಅಕ್ಷರವಾದ ಕೂಡಲೇ 0952 ಎಂದು ಇಂಗ್ಲಿಷ್ ಅಂಕಿಗಳಲ್ಲಿ ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತುತ್ತೇನೆ.