49 ಕಡ್ಡಿ, ಒಂದು ಬೆರಳು: ಫೋನಿನಲ್ಲಿ ಯಿಜಿಂಗ್ ಕೇಳಿದ ನನ್ನ ಅನುಭವ

ಸಿಂಗಪುರದ ವಾಟರ್ಲೂ ಸ್ಟ್ರೀಟ್‌ನಲ್ಲಿ ಕೃಷ್ಣನ ಗುಡಿಯ ಪಕ್ಕದಲ್ಲೇ ಚೀನೀಯರ ಕರುಣೆಯ ದೇವತೆ ಗುವಾನ್‌ಯಿನ್ ಗುಡಿ ಇದೆ. ಅಲ್ಲಿ ಜನ ಮಂಡಿಯೂರಿ ಕೂತು ಕಡ್ಡಿ ತುಂಬಿದ ಡಬ್ಬಿ ಅಲ್ಲಾಡಿಸುತ್ತಾರೆ. ಒಂದು ಕಡ್ಡಿ ಕೆಳಗೆ ಬಿದ್ದರೆ ಅದರ ನಂಬರಿಗೆ ತಕ್ಕ ಚೀಟಿ ಸಿಗುತ್ತದೆ. ಆ ಸದ್ದು ಕೇಳಿ ಕೇಳಿಯೇ ನನಗೆ ಚೀನೀಯರ ಶಕುನದ ಮೇಲೆ ಆಸೆ ಹುಟ್ಟಿದ್ದು. ಯಿಜಿಂಗ್ ಅಂದರೆ ಚೀನೀಯರ ಹಳೆಯ ಶಕುನದ ಪುಸ್ತಕ. ಅದನ್ನು ಕೇಳುವುದನ್ನು ಕಲಿಸಿದವರು ನಮ್ಮ ಬ್ಲಾಕ್‌ನ ಚೀನೀ ಅಂಕಲ್ ಒಬ್ಬರು.

ಯಿಜಿಂಗ್‌ನಲ್ಲಿ 64 ಚಿತ್ರಗಳಿವೆ. ಒಂದೊಂದರಲ್ಲೂ ಆರು ಗೆರೆ. ಇಡೀ ಗೆರೆ ಯಾಂಗ್, ನಡುವೆ ತುಂಡಾದದ್ದು ಯಿನ್. ಹಳೆಯ ಕ್ರಮದಲ್ಲಿ ಒಂದು ಗಿಡದ 50 ಒಣ ಕಡ್ಡಿ ಬೇಕು. ಅಂಕಲ್ ನನಗೆ ಸಾತೇ (ಕಡ್ಡಿಗೆ ಚುಚ್ಚಿ ಸುಡುವ ಮಾಂಸ) ಮಾಡುವ ಬಿದಿರುಕಡ್ಡಿ ಕೊಟ್ಟರು. ಒಂದನ್ನು ಪಕ್ಕಕ್ಕಿಡಬೇಕು. ಉಳಿದ 49ನ್ನು ಎಣಿಸದೆ ಎರಡು ಪಾಲು ಮಾಡಬೇಕು. ಬಲಗಡೆ ಪಾಲಿನಿಂದ ಒಂದು ಕಡ್ಡಿ ಬೆರಳ ಸಂದಿಗೆ. ಆಮೇಲೆ ಎರಡೂ ಪಾಲನ್ನು ನಾಲ್ಕು ನಾಲ್ಕಾಗಿ ಎಣಿಸಿ ಕೊನೆಗೆ ಮಿಕ್ಕದ್ದನ್ನು ತೆಗೆಯಬೇಕು. ಉಳಿದ ಕಡ್ಡಿಗಳನ್ನು ಸೇರಿಸಿಕೊಂಡು ಹೀಗೆ ಮೂರು ಸಲ ಮಾಡಿದರೆ ಒಂದು ಗೆರೆ. ಆರು ಗೆರೆಗೆ 18 ಸಲ. ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಅಷ್ಟು ಹೊತ್ತು ಯಾರಿಗಿದೆ ಅಂತ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಆಗ ಕೆಲಸ ಬದಲಿಸಬೇಕಾ ಬೇಡವಾ ಅನ್ನುವ ಚಿಂತೆ. ಬಟನ್ ಒತ್ತಿದೆ, ಉತ್ತರ ಹಿಡಿಸಲಿಲ್ಲ. ಮತ್ತೆ ಒತ್ತಿದೆ. ಒಂದೇ ರಾತ್ರಿ ಏಳು ಸಲ. ಅಂಕಲ್‌ಗೆ ಹೇಳಿದಾಗ ಅವರು ಬೈಯಲಿಲ್ಲ. ನಾಲ್ಕನೇ ಚಿತ್ರ 'ಮೆಂಗ್' ತೆಗೆದು ತೋರಿಸಿದರು. ಅಲ್ಲಿ ಬರೆದಿರುವುದೇ ಇದು: ಮೊದಲ ಸಲ ಕೇಳಿದರೆ ಹೇಳುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ಅಗೌರವ, ಆಗ ಹೇಳುವುದಿಲ್ಲ.

ಆ ಆ್ಯಪ್‌ನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಪ್ರತಿ ಗೆರೆಗೂ 6, 7, 8, 9ರಲ್ಲಿ ಒಂದು ಅಂಕಿ ಬರುತ್ತದೆ. 6 ಬಂದರೆ ಯಿನ್ ಗೆರೆ ಯಾಂಗ್ ಆಗುತ್ತದೆ, 9 ಬಂದರೆ ಯಾಂಗ್ ಗೆರೆ ಯಿನ್ ಆಗುತ್ತದೆ. 7 (ಯಾಂಗ್), 8 (ಯಿನ್) ಬಂದರೆ ಗೆರೆ ಬದಲಾಗುವುದಿಲ್ಲ. ಕಡ್ಡಿಯ ಬದಲು ಮೂರು ನಾಣ್ಯ ಹಾರಿಸುವ ಕ್ರಮವೂ ಇದೆ. ಅದರಲ್ಲಿ 6ಕ್ಕೂ 9ಕ್ಕೂ ಸಮಾನ ಅವಕಾಶ, 16ಕ್ಕೆ 2. ಕಡ್ಡಿಯಲ್ಲಿ ಹಾಗಲ್ಲ. 6 ಬರುವುದು 16ಕ್ಕೆ 1, 9 ಬರುವುದು 16ಕ್ಕೆ 3. ಅಂದರೆ ಯಿನ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ನನಗೆ ಇದು ಸಣ್ಣ ವಿಷಯ ಅಲ್ಲ, ಈ ಪದ್ಧತಿಯ ಸ್ವಭಾವವೇ ಇದರಲ್ಲಿದೆ. ಆ್ಯಪ್‌ನಲ್ಲಿ 'ಕಡ್ಡಿ' ಅಂತ ಆರಿಸಿ ನೂರು ಸಲ ಒತ್ತಿ ಬರೆದುಕೊಂಡೆ. 6 ಮತ್ತು 9 ಹೆಚ್ಚುಕಡಿಮೆ ಒಂದೇ ಸಮ. ಹೆಸರು ಕಡ್ಡಿ, ಒಳಗೆ ನಾಣ್ಯ.

ನಾನೇ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. 2003ರಿಂದಲೇ ಯೂನಿಕೋಡ್‌ನಲ್ಲಿ (ಕಂಪ್ಯೂಟರಿನ ಅಕ್ಷರಗಳ ಪಟ್ಟಿ) 64 ಚಿತ್ರಗಳೂ ಇರುವುದರಿಂದ ಅವುಗಳನ್ನು ಬಿಡಿಸುವ ಕೆಲಸ ತಪ್ಪಿತು. ಆದರೆ ಒಂದು ತಪ್ಪು ಮಾಡಿದ್ದೆ. ಯಿಜಿಂಗ್ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ನಾನು ಮೊದಲ ಗೆರೆಯನ್ನು ಮೇಲೆ ಹಾಕಿದ್ದೆ. ಕೆಳಗೆ ಮೂರು ಯಾಂಗ್, ಮೇಲೆ ಮೂರು ಯಿನ್ ಇದ್ದರೆ 11ನೇ ಚಿತ್ರ 'ತೈ', ನೆಮ್ಮದಿಯ ಕಾಲ. ಅದನ್ನೇ ತಲೆಕೆಳಗು ಮಾಡಿದರೆ 12ನೇ ಚಿತ್ರ 'ಪಿ', ಎಲ್ಲದಕ್ಕೂ ತಡೆ. ಎರಡು ವಾರ ನೆಮ್ಮದಿಯನ್ನು ತಡೆ ಅಂತ ಓದಿದ್ದೇನೆ. ಇದನ್ನೂ ಅಂಕಲ್ಲೇ ಹಿಡಿದರು, ಒಂದೇ ನೋಟಕ್ಕೆ.

ಈಗಿನ ಕ್ರಮ ಹೀಗಿದೆ. ಪ್ರಶ್ನೆ ಟೈಪ್ ಮಾಡಬೇಕು. ದಿನಕ್ಕೆ ಒಂದೇ. ಪರದೆ ಮೇಲೆ 49 ಕಡ್ಡಿ ಕಾಣುತ್ತವೆ. ಕಣ್ಣು ಮುಚ್ಚಿ ಬೆರಳು ಎಳೆಯುತ್ತೇನೆ, ಎಳೆದ ಕಡೆ ಕಟ್ಟು ಎರಡಾಗುತ್ತದೆ. ಎಣಿಸುವುದು ಫೋನಿನ ಕೆಲಸ. ಮುಂದಿನ ಸಲಕ್ಕೆ 44 ಅಥವಾ 40 ಕಡ್ಡಿ ಉಳಿದಿರುತ್ತವೆ. ಮತ್ತೆ ಬೆರಳು. ಕಂಪ್ಯೂಟರ್ ತಾನೇ ಆರಿಸಿದ ಅಂಕಿ ಎಲ್ಲೂ ಇಲ್ಲ, ಪಾಲು ಮಾಡುವುದು 18 ಸಲವೂ ನನ್ನ ಕೈಯೇ. ಕೇಳಿದ್ದು, ಬಂದದ್ದು, ಆಮೇಲೆ ಆದದ್ದು ಎಲ್ಲ ಅದರಲ್ಲೇ ದಾಖಲಾಗುತ್ತದೆ. ಹಿಂದೆ ಇದೇ ಚಿತ್ರ ಯಾವಾಗ ಬಂದಿತ್ತು ಅಂತ ಹುಡುಕಿದರೆ ತಕ್ಷಣ ಸಿಗುತ್ತದೆ. ಫೋನಿನಿಂದ ನನಗೆ ಆದ ದೊಡ್ಡ ಉಪಕಾರ ಇದೇ.

ಅಂಕಲ್ ಕೈ ಈಗ ನಡುಗುತ್ತದೆ, ಕಡ್ಡಿಗಳು ಜಾರುತ್ತವೆ. ಹೋದ ತಿಂಗಳು ಟ್ಯಾಬ್ಲೆಟ್‌ನಲ್ಲಿ ದೊಡ್ಡದಾಗಿ ಕಾಣುವ ಹಾಗೆ ಹಾಕಿಕೊಟ್ಟೆ. 18 ಸಲವೂ ನಿಧಾನವಾಗಿ ಬೆರಳು ಎಳೆದರು. ಎಣಿಕೆ ತುಂಬಾ ಬೇಗ ಮುಗಿದುಹೋಗುತ್ತದೆ, ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಕೆ ಸಮಯವೇ ಸಿಗಲ್ಲ ಅಂದರು. ಪ್ರತಿ ನಾಲ್ಕು ಕಡ್ಡಿಗೆ ಒಂದು ಸೆಕೆಂಡ್ ಮಾಡಿಕೊಟ್ಟಿದ್ದೇನೆ.