ಎಆರ್‌ಟಿ ಡಬ್ಬಿ ಖಾಲಿಯಾಗುವ ಮುನ್ನ: ಸ್ಟಾಕ್ ಲೆಕ್ಕ, ರೋಗಿ ಲೆಕ್ಕ ಜೊತೆಗಿಟ್ಟು ನೋಡುವ ಕ್ರಮ

ನಮ್ಮ ದೇಶದಲ್ಲಿ ಎಚ್‌ಐವಿ ಇರುವವರಿಗೆ ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಔಷಧ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ಈಗ ಹೆಚ್ಚಿನ ವಯಸ್ಕರು ನುಂಗುವುದು ದಿನಕ್ಕೆ ಒಂದೇ ಮಾತ್ರೆ, ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅದರಲ್ಲಿವೆ. ಡಬ್ಬಿಗೆ 30 ಮಾತ್ರೆ. ಬದುಕಿರುವವರೆಗೂ ಬಿಡುವಂತಿಲ್ಲ, ಬಿಟ್ಟರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ.

ಔಷಧ ಸಿಗದೆ ರೋಸಿಹೋದವರು 2022ರ ಜುಲೈನಲ್ಲಿ ದೆಹಲಿಯ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿಯಲ್ಲಿ ಧರಣಿ ಕೂತಿದ್ದರು. ಖರೀದಿ ಮೇಲಿನವರ ಕೆಲಸ ನಿಜ. ಆದರೆ ಕೊರತೆ ಬರುತ್ತಿದೆ ಎಂದು ಎರಡು ತಿಂಗಳು ಮೊದಲೇ ಬರೆದು ಎಚ್ಚರಿಸಬಲ್ಲದ್ದು ಆಸ್ಪತ್ರೆಯ ಎಆರ್‌ಟಿ ಕೇಂದ್ರವೇ. ಅದಕ್ಕೆ ಫಾರ್ಮಾಸಿಸ್ಟ್ ಮತ್ತು ಡೇಟಾ ಮ್ಯಾನೇಜರ್ ತಮ್ಮ ತಮ್ಮ ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು ಕೂರಬೇಕು.

ಮೊದಲು, ತಿಂಗಳ ಬಳಕೆ ಎಷ್ಟು?

ಕಳೆದ ಮೂರು ತಿಂಗಳಲ್ಲಿ ಕೊಟ್ಟ ಡಬ್ಬಿಗಳನ್ನು ಕೂಡಿಸಿ ಮೂರರಿಂದ ಭಾಗಿಸುವುದು ವಾಡಿಕೆ. ಆ ಮೂರು ತಿಂಗಳಲ್ಲಿ ಔಷಧ ಖಾಲಿಯಾಗಿದ್ದ ದಿನಗಳಿದ್ದರೆ ಈ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ 1,200, 1,150, 600 ಡಬ್ಬಿ ಕೊಟ್ಟಿದ್ದೀರಿ. ಕೊನೆಯ ತಿಂಗಳು 15 ದಿನ ಸ್ಟಾಕ್ ಇರಲಿಲ್ಲ. ಒಟ್ಟು 2,950. ಮೂರರಿಂದ ಭಾಗಿಸಿದರೆ 983. ಆದರೆ ಔಷಧ ಇದ್ದದ್ದು ಎರಡೂವರೆ ತಿಂಗಳು, ಆದ್ದರಿಂದ 2.5ರಿಂದ ಭಾಗಿಸಬೇಕು: 1,180. ಸುಮಾರು 200 ಡಬ್ಬಿಯ ಈ ವ್ಯತ್ಯಾಸ ಮುಂದಿನ ಪ್ರತಿ ತಿಂಗಳೂ ಕೊರತೆಯಾಗಿ ಮರಳಿ ಬರುತ್ತದೆ. ಒಮ್ಮೆ ಖಾಲಿಯಾದ ಕೇಂದ್ರ ಪದೇ ಪದೇ ಖಾಲಿಯಾಗುವುದು ಹೀಗೆ.

ಒಂದೇ ತಿಂಗಳ ಅಂಕಿಯನ್ನಂತೂ ನಂಬಬೇಡಿ. 1,200 ಮಂದಿಯಲ್ಲಿ 300 ಮಂದಿಗೆ ಈ ತಿಂಗಳು ಮೂರು ತಿಂಗಳ ಔಷಧ ಒಟ್ಟಿಗೆ ಕೊಟ್ಟರೆ ಬಳಕೆ 1,800 ಎಂದು ಕಾಣುತ್ತದೆ. ಮುಂದಿನ ಎರಡು ತಿಂಗಳು 900ಕ್ಕೆ ಇಳಿಯುತ್ತದೆ. ನಿಜವಾದ ಅಗತ್ಯ ಆಗಲೂ 1,200 ಡಬ್ಬಿಯೇ. ಹಾಗಾಗಿ ಬಳಕೆಯ ಸರಾಸರಿಯ ಪಕ್ಕದಲ್ಲೇ ಆ ಔಷಧ ತೆಗೆದುಕೊಳ್ಳುತ್ತಿರುವವರ ಸಂಖ್ಯೆಯನ್ನೂ ಬರೆಯಿರಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಕಾರಣ ಹುಡುಕಿದ ಮೇಲೆಯೇ ಬೇಡಿಕೆ ಕಳಿಸಿ. ಕೈಯಲ್ಲಿರುವ ಸ್ಟಾಕನ್ನು ತಿಂಗಳ ಬಳಕೆಯಿಂದ ಭಾಗಿಸಿದರೆ ಎಷ್ಟು ತಿಂಗಳಿಗೆ ಸಾಕಾಗುತ್ತದೆಂದು ತಿಳಿಯುತ್ತದೆ. ಎರಡಕ್ಕಿಂತ ಕೆಳಗೆ ಬಂದರೆ ಫೋನ್ ಮಾಡಿ ಸುಮ್ಮನಾಗಬೇಡಿ. ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ಬರಹದಲ್ಲೇ ಕಳಿಸಿ.

ಕಡಿಮೆ ಜನರಿಗೆ ಬೇಕಾಗುವ ಔಷಧಗಳೇ ಹೆಚ್ಚು ಕಣ್ತಪ್ಪುವುದು. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರಿಗೆ ಟಿಎಲ್‌ಡಿ ಜೊತೆ 12 ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಮಾತ್ರೆ ಬೇಕು. ರಿಫಾಂಪಿಸಿನ್ ನಿಂತ ಮೇಲೂ ಎರಡು ವಾರ ಅದು ಮುಂದುವರಿಯಬೇಕು. ಇವರ ಪಟ್ಟಿ ಬೇರೆಯೇ ಇರಲಿ. ಮಕ್ಕಳ ಡೋಸು ತೂಕದ ಮೇಲೆ ನಿಲ್ಲುವುದರಿಂದ ಪ್ರತಿ ಭೇಟಿಯಲ್ಲೂ ತೂಕ ನೋಡಿ ಬರೆಯಿರಿ. ನೀರಿನಲ್ಲಿ ಕರಗುವ 10 ಮಿಲಿಗ್ರಾಂ ಡೊಲುಟೆಗ್ರಾವಿರ್ 6ರಿಂದ 10 ಕಿಲೋ ಒಳಗಿನ ಮಗುವಿಗೆ ದಿನಕ್ಕೆ ಒಂದೂವರೆ ಮಾತ್ರೆ. 10 ಕಿಲೋ ಮುಟ್ಟಿದರೆ ಎರಡು. ಹಳೆಯ ತೂಕವೇ ಉಳಿದರೆ ಮಗುವಿಗೆ ಡೋಸೂ ಸಾಲದು, ನಿಮ್ಮ ಬೇಡಿಕೆಯೂ ಸಾಲದು.

ಕಪಾಟಿನಲ್ಲಿ

ಮೊದಲು ಬಂದದ್ದನ್ನಲ್ಲ, ಮೊದಲು ಎಕ್ಸ್‌ಪೈರಿ ಆಗುವುದನ್ನು ಮುಂದೆ ಇಡಿ. ಡಬ್ಬಿಯ ಮೇಲಿನ ದಿನಾಂಕ ರೋಗಿ ಕೊನೆಯ ಮಾತ್ರೆ ನುಂಗುವ ದಿನಕ್ಕೂ ಸಾಕಾಗಬೇಕು. ಸೆಪ್ಟೆಂಬರ್ ಕೊನೆಗೆ ಮುಗಿಯುವ ಬ್ಯಾಚನ್ನು ಮೂರು ತಿಂಗಳಿಗೆಂದು ಕೊಡುವುದಾದರೆ ಜುಲೈ ಮೊದಲೆರಡು ದಿನವೇ ಕಡೆ. ಒಂದು ತಿಂಗಳಿಗಾದರೆ ಆಗಸ್ಟ್ 31. ಬಳಸಿ ಮುಗಿಸಲಾಗದಷ್ಟಿದ್ದರೆ ಪಕ್ಕದ ಕೇಂದ್ರಕ್ಕೆ ಆಗಲೇ ಕಳಿಸಲು ಕೇಳಿ. ಔಷಧ ಇರುವ ಕೋಣೆಯಲ್ಲಿ ಥರ್ಮಾಮೀಟರ್ ತೂಗುಹಾಕಿ, ದಿನಕ್ಕೆರಡು ಸಲ ಬರೆದಿಡಿ, 30 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಫ್ಯಾನ್ ಸಾಕಾಗುವುದಿಲ್ಲ. ಮಾತ್ರೆಗಳನ್ನು ಡಬ್ಬಿಯಿಂದ ಪೇಪರ್ ಕವರಿಗೆ ಹಾಕಬೇಡಿ. ಒಳಗಿರುವ ಸಣ್ಣ ಪೊಟ್ಟಣ ತೇವ ಹೀರಿಕೊಳ್ಳಲು ಇಟ್ಟದ್ದು. ಅದನ್ನು ತೆಗೆಯಬಾರದು, ನುಂಗಲೂಬಾರದು ಎಂದು ರೋಗಿಗೆ ಹೇಳಿ.

ಸ್ಟಾಕ್ ತೀರಾ ಇಳಿದರೆ ಮೊದಲು ಮೂರು ತಿಂಗಳ ವಿತರಣೆ ನಿಲ್ಲಿಸಿ ಎಲ್ಲರಿಗೂ ಒಂದೊಂದು ತಿಂಗಳು ಕೊಡಿ. ಮೂರು ಔಷಧಗಳಲ್ಲಿ ಎರಡನ್ನಷ್ಟೇ ಕೊಟ್ಟು ಕಳಿಸುವುದು, ದಿನ ಬಿಟ್ಟು ದಿನ ನುಂಗಲು ಹೇಳುವುದು ಎಂದಿಗೂ ಬೇಡ. ಔಷಧಕ್ಕೆ ಬಗ್ಗದ ವೈರಸ್ ಹುಟ್ಟುವುದು ಅಲ್ಲಿಂದಲೇ.

ಕೌಂಟರಿನಲ್ಲಿ

ಖಾಲಿ ಡಬ್ಬಿ, ಉಳಿದ ಮಾತ್ರೆ ತರಲು ಪ್ರತಿ ಸಲ ಹೇಳಿ, ಎಣಿಸಿ. ಉದಾಹರಣೆಗೆ, ಹಿಂದಿನ ಸಲ ಕೈಯಲ್ಲಿ ಉಳಿದಿದ್ದದ್ದು 4, ಕೊಟ್ಟದ್ದು 30, ಒಟ್ಟು 34. ಮೂವತ್ತು ದಿನಕ್ಕೆ ಬಂದಾಗ 6 ಉಳಿದಿವೆ. ನುಂಗಿದ್ದು 28, ನುಂಗಬೇಕಾಗಿದ್ದು 30. ಅಂದರೆ ಶೇ 93. ಶೇ 95ಕ್ಕಿಂತ ಕಡಿಮೆಯಾದರೆ ಕೌನ್ಸೆಲರ್ ಬಳಿ ಕಳಿಸಿ, ಗದರಿಸಬೇಡಿ. ಗದರಿಸಿಕೊಂಡವರು ಮುಂದಿನ ಸಲ ಉಳಿದ ಮಾತ್ರೆ ಎಸೆದು ಬರುತ್ತಾರೆ, ನಿಮ್ಮ ಎಣಿಕೆಗೆ ಬೆಲೆಯೇ ಇರುವುದಿಲ್ಲ. ಮುಂದಿನ ದಿನಾಂಕವನ್ನು ಕೈಯಲ್ಲಿರುವ ಒಟ್ಟು ಮಾತ್ರೆ ನೋಡಿ ಕೊಡಿ, ಮಾತ್ರೆ ಮುಗಿಯುವ ಎರಡು ದಿನ ಮೊದಲಿಗೆ. ರೋಗಿಯ ಗ್ರೀನ್ ಬುಕ್, ಕೇಂದ್ರದ ವೈಟ್ ಕಾರ್ಡ್, ಕಂಪ್ಯೂಟರಿನಲ್ಲಿ ರೋಗಿಗಳ ದಾಖಲೆ ಇಡುವ ಸೋಚ್ ತಂತ್ರಾಂಶ, ಈ ಮೂರರಲ್ಲೂ ಅದೇ ದಿನಾಂಕವಿರಲಿ. ನೆಟ್‌ವರ್ಕ್ ಹೋದರೆ ಕಾಗದದಲ್ಲಿ ಬರೆದಿಟ್ಟು ಅಂದೇ ಸಂಜೆ ಏರಿಸಿ. ನಾಳೆಗೆ ಬಿಟ್ಟದ್ದು ತಿಂಗಳ ಕೊನೆಗೆ ರಾಶಿಯಾಗುತ್ತದೆ.

ತಿಂಗಳ ಕೊನೆಗೆ

ಆರಂಭದ ಸ್ಟಾಕು, ಬಂದದ್ದು ಕೂಡಿಸಿ. ಕೊಟ್ಟದ್ದು, ಬೇರೆಡೆ ಕಳಿಸಿದ್ದು, ಹಾಳಾದದ್ದು ಕಳೆಯಿರಿ. ಉಳಿದ ಅಂಕಿ ಕಪಾಟಿನ ಎಣಿಕೆಗೆ ಸಮವಾಗಬೇಕು. ಎಣಿಸುವವರು ರಿಜಿಸ್ಟರ್ ಬರೆಯುವವರೇ ಆಗಿರಬಾರದು. ನಂತರ ರೋಗಿವಾರು ಬರೆದ ಡಬ್ಬಿಗಳನ್ನು ಕೂಡಿಸಿ ನೋಡಿ. ರಿಜಿಸ್ಟರಿನಲ್ಲಿ 900, ರೋಗಿಗಳ ದಾಖಲೆಯಲ್ಲಿ 885 ಎಂದಾದರೆ ಆ 15 ಡಬ್ಬಿ ಸಿಗುವ ಜಾಗ ಸಾಮಾನ್ಯವಾಗಿ ಮೂರು: ಲಿಂಕ್ ಎಆರ್‌ಟಿ ಕೇಂದ್ರಕ್ಕೆ (ನಿಮ್ಮಡಿಯ ಸಣ್ಣ ವಿತರಣಾ ಕೇಂದ್ರ) ಕಳಿಸಿದ್ದನ್ನು ರೋಗಿಗೆ ಕೊಟ್ಟಂತೆ ಬರೆದಿರುವುದು, ಏರಿಸದೆ ಉಳಿದ ಭೇಟಿ, ಔಷಧದ ಹೆಸರು ತಪ್ಪಾಗಿ ಆರಿಸಿರುವುದು. ಅಂಕಿ ತಿದ್ದಿ ಸರಿಹೊಂದಿಸಿದರೆ ತಪ್ಪು ಅಲ್ಲೇ ಕೂತು ಮುಂದಿನ ತಿಂಗಳು ದೊಡ್ಡದಾಗುತ್ತದೆ.

ದಿನ ದಾಟಿದರೂ ಬಾರದವರ ಪಟ್ಟಿ ಪ್ರತಿ ಸಂಜೆ ತೆಗೆಯಿರಿ, ಮರುದಿನವೇ ಫೋನ್ ಮಾಡಿ. ಮೂರು ತಿಂಗಳಾಗಿ ಎಲ್‌ಎಫ್‌ಯು (ಸಂಪರ್ಕ ತಪ್ಪಿದವರ) ಪಟ್ಟಿಗೆ ಸೇರಿದ ಮೇಲೆ ಹುಡುಕಿ ಕರೆತರುವುದು ಬಹಳ ಕಷ್ಟ.

ಗುಟ್ಟು ಕಾಯುವುದು

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ದಾಖಲೆ ಇಟ್ಟವರು ಅದಕ್ಕೆ ರಕ್ಷಣೆಯನ್ನೂ ಕೊಡಬೇಕು. ಹೊರಗಿನಿಂದ ಕಾಣುವ ಫೈಲಿನ ಮೇಲೆ ಹೆಸರು ಬೇಡ, ಎಆರ್‌ಟಿ ನಂಬರ್ ಸಾಕು. ಬಾರದವರ ಪಟ್ಟಿಯ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸಬೇಡಿ. ಸಿಬ್ಬಂದಿ ಕೆಲಸ ಬಿಟ್ಟ ದಿನವೇ ಅವರ ಲಾಗಿನ್ ಮುಚ್ಚಿಸಿ. ರೋಗಿಗೆ ಫೋನ್ ಮಾಡಿದಾಗ ಮನೆಯ ಬೇರೆಯವರು ಎತ್ತಿದರೆ ಕೇಂದ್ರದ ಹೆಸರಾಗಲಿ, ಔಷಧದ ಮಾತಾಗಲಿ ಬೇಡ. 'ಆಮೇಲೆ ಮಾಡ್ತೀನಿ' ಎಂದು ಇಡಿ. ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನ್ ಮಾಡಬಹುದು ಎಂಬುದನ್ನು ಮೊದಲ ಭೇಟಿಯಲ್ಲೇ ಅವರನ್ನು ಕೇಳಿ ವೈಟ್ ಕಾರ್ಡಿನಲ್ಲಿ ಬರೆದಿಡಿ.