ನಾಲ್ಕು ಇಂಚಿನ ಅಲಗು

ಸಹ್ಯಾದ್ರಿಯ ಕೋಟೆಗಳನ್ನು ಹತ್ತತೊಡಗಿದ ಮೊದಲ ವರ್ಷ, ಅಂದರೆ 2007ರಲ್ಲಿ, ಪುಣೆಯ ರವಿವಾರ ಪೇಟೆಯ ಅಂಗಡಿಯೊಂದರಲ್ಲಿ ನಾನು ಕೊಂಡ ಚಾಕುವಿನ ಅಲಗು ಹತ್ತು ಇಂಚು ಉದ್ದವಿತ್ತು. ಅದರ ಬೆನ್ನಿಗೆ ಗರಗಸದ ಹಲ್ಲುಗಳಿದ್ದವು, ಟೊಳ್ಳು ಹಿಡಿಯ ಮುಚ್ಚಳದಲ್ಲಿ ದಿಕ್ಸೂಚಿಯಿತ್ತು, ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ, ಸೂಜಿದಾರ ತುಂಬಿದ್ದವು. ಕಾಡಿನಲ್ಲಿ ದಾರಿ ತಪ್ಪಿದರೂ, ದಾರಿಯಲ್ಲಿ ಯಾರಾದರೂ ಅಡ್ಡಗಟ್ಟಿದರೂ ಅದೊಂದು ಇದ್ದರೆ ಸಾಕೆಂದು ನಾನು ಮನಸಾರೆ ನಂಬಿದ್ದೆ. ಶಿರಸಿಯ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಕತ್ತಿ ಹೊಸದಾಗಿರಲಿಲ್ಲ. ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳದೆ ಅಪ್ಪಯ್ಯ ತೋಟಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ. ಆದರೂ ಆ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಅಪ್ಪಯ್ಯನ ಕತ್ತಿ ನನ್ನ ನೆನಪಿಗೆ ಬರಲಿಲ್ಲ.

ಅದೇ ಜುಲೈಯಲ್ಲಿ ಲೋಣಾವಳೆಯಿಂದ ನಡೆದು ರಾಜಮಾಚಿಗೆ ಹೋಗಿದ್ದೆವು. ಶ್ರೀವರ್ಧನ ಮತ್ತು ಮನರಂಜನ ಎಂಬ ಎರಡು ಶಿಖರಕೋಟೆಗಳ ಬುಡದಲ್ಲಿರುವ ಉಧೇವಾಡಿ ಎಂಬ ಹಳ್ಳಿಯ ಮನೆಯೊಂದರ ಜಗಲಿಯಲ್ಲಿ ಉಳಿದು, ಚಹಾಕ್ಕೆ ಒಲೆ ಹೊತ್ತಿಸಲೆಂದು ಒದ್ದೆ ಸೌದೆಯೊಂದನ್ನು ಸೀಳಲು ಹೊರಟೆ. ಅಲಗನ್ನು ಸೌದೆಯ ನೆತ್ತಿಗೆ ಇಟ್ಟು, ಇನ್ನೊಂದು ಕೋಲಿನಿಂದ ಅದರ ಬೆನ್ನಿಗೆ ನಾಲ್ಕನೆಯ ಪೆಟ್ಟು ಹಾಕುತ್ತಲೇ ಹಿಡಿ ನನ್ನ ಕೈಯಲ್ಲೇ ಉಳಿಯಿತು, ಅಲಗು ಕಿತ್ತುಕೊಂಡು ಗೆಳೆಯನ ಮೊಣಕಾಲಿನ ಪಕ್ಕದಿಂದ ಹಾರಿಹೋಯಿತು. ಬೆರಳೆರಡರ ಅಗಲದ ಅಂತರದಲ್ಲಿ ಅವನು ಉಳಿದುಕೊಂಡ. ಹಿಡಿಯೊಳಗೆ ಇಣುಕಿ ನೋಡಿದರೆ, ಅಲಗಿನ ಬಾಲ ಒಂದು ಇಂಚಿನಷ್ಟೂ ಒಳಗೆ ಹೋಗಿರಲಿಲ್ಲ. ಒಂದು ತಿರುಪು, ಒಂದಿಷ್ಟು ಅಂಟು, ಅಷ್ಟೇ ಅದನ್ನು ಹಿಡಿದಿಟ್ಟಿತ್ತು. ಮನೆಯ ಯಜಮಾನ ಕಾಕಾ ಏನೂ ಮಾತಾಡದೆ ಒಳಗಿನಿಂದ ತಮ್ಮ ಕೋಯ್ತಾ, ಅಂದರೆ ಮಚ್ಚು, ತಂದು, ಅದೇ ಸೌದೆಯನ್ನು ಎರಡೇ ಏಟಿಗೆ ನಾಲ್ಕು ಸೀಳು ಮಾಡಿಕೊಟ್ಟರು. ಲಾರಿಯ ಹಳೆಯ ಕಮಾನುಪಟ್ಟಿಯನ್ನು ಊರಿನ ಕಮ್ಮಾರನಿಗೆ ಕೊಟ್ಟು ಬಡಿಸಿದ ಕೋಯ್ತಾ ಅದು.

ಆ ಸಂಜೆಯಿಂದ ಚಾಕುವನ್ನು ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಕೇಳುವುದು ಅಲಗಿನ ಲೋಹ ಹಿಡಿಯೊಳಗೆ ಎಷ್ಟು ದೂರ, ಎಷ್ಟು ಅಗಲವಾಗಿ ಹೋಗಿದೆ ಎಂದು. ಹಿಡಿಯ ಕೊನೆಯವರೆಗೂ ಒಂದೇ ಪಟ್ಟಿಯಾಗಿ ಹೋದರೆ ಅತ್ಯುತ್ತಮ. ಈಗ ಹತ್ತು ವರ್ಷಗಳಿಂದ ನನ್ನ ಜೊತೆಗಿರುವುದು ಸ್ವೀಡನ್ನಿನ ಮೋರಾ ಪ್ರದೇಶದಲ್ಲಿ ತಯಾರಾಗುವ ಕಂಪ್ಯಾನಿಯನ್ ಎಂಬ ಚಾಕು. ಅದರ ತುಕ್ಕು ಹಿಡಿಯದ ಉಕ್ಕಿನ ಅಲಗು ಹತ್ತು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ಎರಡೂವರೆ ಮಿಲಿಮೀಟರ್ ದಪ್ಪ. ಅದರ ಬಾಲವೂ ಹಿಡಿಯ ತುದಿಯವರೆಗೆ ಹೋಗುವುದಿಲ್ಲ ಎಂಬುದನ್ನು ಹೇಳಲೇಬೇಕು. ಆದ್ದರಿಂದ ಅದರಿಂದ ನಾನು ಸೀಳುವುದು ಮಣಿಕಟ್ಟಿಗಿಂತ ತೆಳುವಾದ, ಗಂಟಿಲ್ಲದ ಕಡ್ಡಿಗಳನ್ನು ಮಾತ್ರ. ದಪ್ಪ ಸೌದೆ ಸೀಳುವುದು ಕೋಯ್ತಾದ ಕೆಲಸ, ಕೋಯ್ತಾ ಪ್ರತಿ ಹಳ್ಳಿಯ ಮನೆಯಲ್ಲೂ ಇದೆ, ಅದನ್ನು ಬೆನ್ನ ಮೇಲೆ ಹೊತ್ತು ತಿರುಗುವ ಅಗತ್ಯ ನನಗೆ ಒಮ್ಮೆಯೂ ಕಂಡುಬಂದಿಲ್ಲ.

ಉದ್ದದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ನಾಲ್ಕು ಇಂಚು ಸಾಕು. ಅಂಗೈಯ ಅಗಲಕ್ಕೆ ಸಮನಾದ ಅಲಗಿನಿಂದ ಈರುಳ್ಳಿ ಹೆಚ್ಚಬಹುದು, ಹಗ್ಗ ಕತ್ತರಿಸಬಹುದು, ಪಟ್ಟಿ ಸೀಳಬಹುದು, ಕಡ್ಡಿ ಹೆರೆಯಬಹುದು; ಹತ್ತು ಇಂಚಿನ ಅಲಗಿನಿಂದ ಇವುಗಳಲ್ಲಿ ಒಂದನ್ನೂ ನೆಟ್ಟಗೆ ಮಾಡಲಾಗದು, ಏಕೆಂದರೆ ಮೊನೆ ಕೈಯಿಂದ ದೂರವಾದಷ್ಟೂ ಅದರ ಮೇಲಿನ ಹಿಡಿತ ತಪ್ಪುತ್ತದೆ. ಇದರ ಜೊತೆಗೆ ಒಂದು ವಿಕ್ಟೋರಿನಾಕ್ಸ್ ಮಡಿಚುಚಾಕು ಚೀಲದ ಮೇಲಿನ ಜೇಬಿನಲ್ಲಿರುತ್ತದೆ. 1884ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಆರಂಭಿಸಿದ ಕಾರ್ಖಾನೆಯ ಈ ಚಾಕುವಿನಲ್ಲಿ ನಾನು ಅತಿ ಹೆಚ್ಚು ಬಳಸಿದ್ದು ಅಲಗನ್ನಲ್ಲ, ಕತ್ತರಿಯನ್ನು ಮತ್ತು ಮುಳ್ಳು ತೆಗೆಯುವ ಚಿಮಟಿಯನ್ನು.

ಉಕ್ಕಿನ ಆಯ್ಕೆಯನ್ನು ನನಗೆ ಕಲಿಸಿದ್ದು ಮಳೆ. ಇಂಗಾಲ ಹೆಚ್ಚಿರುವ ಉಕ್ಕು ಬೇಗ ಹರಿತವಾಗುತ್ತದೆ, ಮಸೆಯುವಾಗ ಕಲ್ಲಿಗೆ ಒಗ್ಗಿಕೊಳ್ಳುತ್ತದೆ, ಈರುಳ್ಳಿ ಹೆಚ್ಚಿದರೆ ಕಪ್ಪಾಗುತ್ತದೆ, ಆ ಕಪ್ಪು ತಕ್ಕಮಟ್ಟಿಗೆ ತುಕ್ಕನ್ನು ತಡೆಯುತ್ತದೆ. ಅಪ್ಪಯ್ಯನ ಕತ್ತಿಯೂ ಅಂಥದೇ, ನನಗೆ ಅದರ ಮೇಲೆ ಈಗಲೂ ಪ್ರೀತಿ ಹೆಚ್ಚು. ಆದರೆ ಅಂಥದೊಂದು ಚಾಕುವನ್ನು ತೋರಣಾ ಕೋಟೆಯ ದಾರಿಯಲ್ಲಿ ದಿನವಿಡೀ ತೊಗಲಿನ ಒರೆಯಲ್ಲಿಟ್ಟು ನೆನೆಸಿ, ರಾತ್ರಿ ಹೊರಗೆ ತೆಗೆಯಲು ಮರೆತು, ಬೆಳಗ್ಗೆ ನೋಡಿದಾಗ ಅದರ ಬಾಯಿಯುದ್ದಕ್ಕೂ ಕೆಂಪು ತುಕ್ಕು ಕೂತಿತ್ತು. ತೊಗಲು ನೀರು ಕುಡಿದು ಅಲಗಿಗೆ ಒತ್ತಿಕೊಂಡಿರುತ್ತದೆ, ಬೇಗ ಒಣಗುವುದೂ ಇಲ್ಲ. ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುವ ಉಕ್ಕಿನ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳು ಪದರ ತಾನಾಗಿ ಮೂಡುವುದರಿಂದ ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಘಟ್ಟಗಳಲ್ಲಿ ನಡೆಯುವವರಿಗೆ ಅದೇ ಸರಿ, ಮತ್ತು ಬುಡದಲ್ಲಿ ನೀರು ಬಸಿಯಲು ತೂತಿರುವ ಪ್ಲಾಸ್ಟಿಕ್ ಒರೆ ಸರಿ. ಬೇಸಿಗೆಯಲ್ಲಿ ಮನಸ್ಸಾದರೆ ಇಂಗಾಲದ ಉಕ್ಕಿನದನ್ನೂ ಒಯ್ಯುತ್ತೇನೆ, ಒಯ್ಯುವ ಮುನ್ನ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತೇನೆ.

ಮಸೆಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನನ್ನ ಜೊತೆ ಚಾರಣಕ್ಕೆ ಬರುವವರಲ್ಲಿ ಹೆಚ್ಚಿನವರು ಒಳ್ಳೆಯ ಚಾಕು ಕೊಂಡು, ಒಂದು ದಿನವೂ ಮಸೆಯದೆ, ಮೊಂಡು ಅಲಗನ್ನು ಬಲ ಹಾಕಿ ಒತ್ತುತ್ತಾರೆ. ಒತ್ತಿದ ಕೈ ಜಾರುತ್ತದೆ, ಜಾರಿದ ಅಲಗು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ನನ್ನ ಎಡ ಹೆಬ್ಬೆರಳಿನ ಮೇಲಿರುವ ಮೂರು ಹೊಲಿಗೆಯ ಗುರುತು ಮೊಂಡು ಚಾಕುವಿನದು, ಹರಿತವಾದದ್ದರದ್ದಲ್ಲ.

ನನ್ನ ಬಳಿ ಇರುವುದು ಒಂದು ಬದಿ ಒರಟಾದ 400, ಇನ್ನೊಂದು ಬದಿ ನಯವಾದ 1000 ಗ್ರಿಟ್ಟಿನ ಕಲ್ಲು. ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಅಲುಗದಂತೆ ಇಡುತ್ತೇನೆ. ಮೋರಾ ಚಾಕುವಿನ ಅಲಗಿಗೆ ಎರಡೂ ಬದಿಯಲ್ಲಿ ಒಂದೊಂದು ಅಗಲವಾದ ಇಳಿಜಾರು ಇರುವುದರಿಂದ, ಆ ಇಳಿಜಾರನ್ನೇ ಕಲ್ಲಿಗೆ ಚಪ್ಪಟೆಯಾಗಿ ಕೂರಿಸಿದರೆ ಕೋನ ತಾನಾಗಿ ಸಿಗುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಅದನ್ನೇ ಸೂಚಿಸುವುದಕ್ಕೆ ಇದೂ ಒಂದು ಕಾರಣ. ಮಡಿಚುಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಕೋನ ಬೇಕು: ಅಲಗನ್ನು ಕಲ್ಲಿನ ಮೇಲೆ ನೇರವಾಗಿ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಮತ್ತೆ ಅದರರ್ಧಕ್ಕೆ ಬಾಗಿಸಿ, ಅಲ್ಲಿಂದ ಕೂದಲೆಳೆಯಷ್ಟು ಇಳಿಸಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಒಂದು ಬದಿಯನ್ನು ಮಸೆಯುತ್ತಿದ್ದಂತೆ ಇನ್ನೊಂದು ಬದಿಯ ಬಾಯಿಯುದ್ದಕ್ಕೂ ಲೋಹದ ನವಿರಾದ ಅಂಚೊಂದು ಮಡಚಿಕೊಂಡು ಬೆರಳಿನ ತುದಿಗೆ ತೊಡಕುತ್ತದೆ. ಅದು ಹಿಡಿಯ ಬುಡದಿಂದ ಮೊನೆಯವರೆಗೆ ಎಲ್ಲೆಡೆ ತಾಗಿದ ಮೇಲೆಯೇ ಬದಿ ಬದಲಿಸಬೇಕು. ಅವಸರಪಟ್ಟು ಮೊದಲೇ ಬದಲಿಸಿದ್ದರಿಂದ ನನ್ನ ಮೊದಲ ವರ್ಷದ ಮಸೆತವೆಲ್ಲ ವ್ಯರ್ಥವಾಯಿತು. ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಒಳಮೈಗೆ, ಅಲಗಿನ ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಬರುವಂತೆ, ಒಂದೊಂದು ಬದಿಗೆ ಇಪ್ಪತ್ತು ಸಲ ಉಜ್ಜಿದರೆ ಆ ಅಂಚು ಕಳಚುತ್ತದೆ. ಮಾಗಿದ ಟೊಮೆಟೊದ ಸಿಪ್ಪೆಯ ಮೇಲೆ ಚಾಕು ತನ್ನ ಭಾರಕ್ಕೇ ಇಳಿದರೆ ಕೆಲಸ ಮುಗಿದಂತೆ. ಕಲ್ಲಿಲ್ಲದ ಕಡೆ ಪಿಂಗಾಣಿ ಬಟ್ಟಲಿನ ತಳದ ಒರಟು ಉಂಗುರವೂ ಆದೀತು.

ಮಳೆಯಲ್ಲಿ ಬೆಂಕಿ ಮಾಡುವುದು ಚಾಕುವಿಗೆ ನಿಜವಾದ ಪರೀಕ್ಷೆ. ನಾಲ್ಕು ದಿನ ನೆನೆದ ಕೊಂಬೆಯೂ, ಬಿದ್ದು ಒಣಗಿದ್ದಾದರೆ, ಒಳತಿರುಳಿನಲ್ಲಿ ಒಣಗಿಯೇ ಇರುತ್ತದೆ. ಅದನ್ನು ಸೀಳಿ, ತಿರುಳಿನ ಕಡ್ಡಿಯನ್ನು ಕಲ್ಲಿಗೆ ಊರಿ, ಅಲಗನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತ, ಪೂರ್ತಿ ಕತ್ತರಿಸದೆ, ತೆಳುವಾದ ಸುರುಳಿಗಳು ಕಡ್ಡಿಯ ಬುಡದಲ್ಲೇ ಗೊಂಚಲಾಗಿ ಉಳಿಯುವಂತೆ ಹೆರೆಯಬೇಕು. ಇಂಥ ಐದಾರು ಕಡ್ಡಿಗಳಿದ್ದರೆ ಒಂದೇ ಬೆಂಕಿಕಡ್ಡಿ ಸಾಕು. ಕೂತು ಹೆರೆಯುವಾಗ ಕೆಲಸ ಮೊಣಕಾಲಿನ ಹೊರಬದಿಯಲ್ಲೇ ನಡೆಯಬೇಕು, ಎರಡು ತೊಡೆಗಳ ನಡುವೆ ಎಂದಿಗೂ ಅಲ್ಲ. ತೊಡೆಯ ಒಳಬದಿಯ ರಕ್ತನಾಳ ತುಂಡಾದರೆ ಬೆಟ್ಟದ ಮೇಲಿನಿಂದ ಆಸ್ಪತ್ರೆ ತಲುಪುವಷ್ಟು ಸಮಯ ಉಳಿಯುವುದಿಲ್ಲ. ಚಾಚಿದ ಕೈ ಸುತ್ತುವಷ್ಟು ಜಾಗದಲ್ಲಿ ಯಾರೂ ಇರಕೂಡದು. ಹಸಿ ಮರಕ್ಕೆ ನಾನು ಅಲಗು ತಾಗಿಸುವುದಿಲ್ಲ. ಭೀಮಾಶಂಕರದಂಥ ಅಭಯಾರಣ್ಯಕ್ಕೆ ಹೋಗುವಾಗಲಂತೂ ಈ ಚಾಕು ಮನೆಯಲ್ಲೇ ಉಳಿಯುತ್ತದೆ, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ, ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನೂ ನಿಷೇಧಿಸುತ್ತದೆ, ಆ ಕಾಯಿದೆಯ ವ್ಯಾಖ್ಯಾನದಲ್ಲಿ ಚಾಕುವೂ ಆಯುಧವೇ.

ಇನ್ನು ಆತ್ಮರಕ್ಷಣೆ. ಇದಕ್ಕಾಗಿಯೇ ಒಮ್ಮೆ ಮೂರು ತಿಂಗಳು ತರಬೇತಿಗೆ ಹೋಗಿದ್ದೆ. ಎರಡನೆಯ ತಿಂಗಳಲ್ಲಿ ಗುರುಗಳು ಎಂಟು ಮಂದಿಗೂ ಬಿಳಿ ಬನಿಯನ್ ತೊಡಿಸಿ, ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಇಬ್ಬರ ಕೈಗೂ ಚಾಕುವಿನ ಬದಲು ಕೆಂಪು ಮಾರ್ಕರ್ ಪೆನ್ನು ಕೊಟ್ಟರು. ಅರ್ಧ ನಿಮಿಷದ ಆಟ. ಗೆದ್ದವರ ಬನಿಯನ್ನುಗಳ ಮೇಲೂ ಕೊರಳು, ಮಣಿಕಟ್ಟು, ಹೊಟ್ಟೆಯ ಬಳಿ ಕೆಂಪು ಗೆರೆಗಳಿದ್ದವು. ಎಂಟರಲ್ಲಿ ಒಂದೂ ಬಿಳಿಯಾಗಿ ಉಳಿಯಲಿಲ್ಲ. ನಾನು ಆ ಬನಿಯನ್ನನ್ನು ತೊಳೆಯದೆ ಬಹಳ ಕಾಲ ಇಟ್ಟುಕೊಂಡಿದ್ದೆ. ಕೆಲವು ತಿಂಗಳ ನಂತರ ಸಿಂಹಗಡದ ದಾರಿಯಲ್ಲಿ, ಬೆಳಗಿನ ಜಾವ, ಬೈಕಿನಲ್ಲಿ ಬಂದ ಇಬ್ಬರು ಅಡ್ಡ ನಿಂತು ಫೋನು ಕೇಳಿದಾಗ ನನ್ನ ಚೀಲದಲ್ಲಿ ಚಾಕು ಇತ್ತು. ಕೊಟ್ಟದ್ದು ಫೋನನ್ನು. ಚಾಕು ತೆಗೆದಿದ್ದರೆ ಅವರ ಬಳಿ ಏನಿತ್ತೆಂದು ತಿಳಿಯುವ ಪ್ರಸಂಗ ಬರುತ್ತಿತ್ತು, ಇಬ್ಬರಲ್ಲಿ ಒಬ್ಬರು ನನ್ನ ಕೈಯಿಂದ ಅದನ್ನೇ ಕಿತ್ತುಕೊಳ್ಳಲೂಬಹುದಿತ್ತು. ಈಗ ನನ್ನ ಕೊರಳಲ್ಲಿ ಜೋರಾದ ಸೀಟಿ, ಕೈಯಲ್ಲಿ ಪ್ರಖರವಾದ ಟಾರ್ಚು ಮತ್ತು ಬಿದಿರಿನ ಕೋಲು ಇರುತ್ತವೆ. ನಾಯಿಗಳಿಗೆ ಕೋಲು ನೆಲಕ್ಕೆ ಬಡಿದರೆ ಸಾಕಾಗುತ್ತದೆ. ಜುನ್ನರದ ಕಡೆ ಚಿರತೆ ತಿರುಗುವ ಹೊಲಗಳಲ್ಲಿ ಗುಂಪಾಗಿ, ಜೋರಾಗಿ ಮಾತಾಡುತ್ತ, ಬೆಳಕು ಹಾಯಿಸುತ್ತ ನಡೆಯುತ್ತೇವೆ. ಮನುಷ್ಯರು ಅಡ್ಡಗಟ್ಟಿದಾಗಲಾದರೆ, ಓಡಲು ದಾರಿಯಿದ್ದರೆ ಓಡುವುದು, 112ಕ್ಕೆ ಕರೆ ಮಾಡುವುದು.

ಕಾನೂನೂ ಇದೇ ದಾರಿಯಲ್ಲಿದೆ. ಖಾಸಗಿ ರಕ್ಷಣೆಯ ಹಕ್ಕು ಹಿಂದೆ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಮನೆಗೆಲಸ, ಬೇಸಾಯ, ವಿಜ್ಞಾನ ಅಥವಾ ಕೈಗಾರಿಕೆಗಾಗಿ ಮಾಡಿದ್ದಲ್ಲದ, ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು 2016ರ ಆಯುಧ ನಿಯಮಗಳ ಪಟ್ಟಿಗೆ ಸೇರುತ್ತದೆ. ನನ್ನ ಮೊದಲ ಚಾಕು ಅದರಲ್ಲಿ ಬರುವಂಥದ್ದೇ. ಇವುಗಳ ಜೊತೆಗೆ ಮಹಾರಾಷ್ಟ್ರ ಪೊಲೀಸ್ ಕಾಯಿದೆಯ 37ನೆಯ ಕಲಮಿನಡಿ ನಗರದಲ್ಲಿ ಆಗಾಗ ಹೊರಡುವ ಆದೇಶಗಳು ಚಾಕು ಹಿಡಿದು ತಿರುಗುವುದನ್ನೇ ನಿಷೇಧಿಸುತ್ತವೆ, ಮತ್ತು ಕೋಯ್ತಾ ಹಿಡಿದ ಹುಡುಗರ ಹಾವಳಿಯಿಂದ ನೊಂದ ಪುಣೆಯಲ್ಲಿ ಪೊಲೀಸರು ಈ ವಿಷಯದಲ್ಲಿ ಬಿಗಿಯಾಗಿರುವುದು ನ್ಯಾಯವೇ ಆಗಿದೆ. ಹೊರಡುವ ಮುನ್ನ ಅಂಥ ಆದೇಶವಿದೆಯೇ ಎಂದು ನೋಡಿಕೊಳ್ಳುತ್ತೇನೆ, ಇದ್ದರೆ ಚಾಕು ಬಿಟ್ಟು ಹೋಗುತ್ತೇನೆ. ಇಲ್ಲದಿದ್ದಾಗಲೂ ಅದು ಒರೆಯೊಳಗೆ, ಒರೆ ಬಟ್ಟೆಯೊಳಗೆ, ಬಟ್ಟೆ ಚೀಲದ ತಳದಲ್ಲಿ, ಅಡುಗೆ ಪಾತ್ರೆಗಳ ಜೊತೆ ಇರುತ್ತದೆ, ಸೊಂಟಕ್ಕೆ ಕಟ್ಟಿಕೊಳ್ಳುವುದಿಲ್ಲ.

ಹೋದ ಮಳೆಗಾಲದಲ್ಲಿ ತಂಗಿಯ ಮಗಳು ರಾಜಮಾಚಿಗೆ ಜೊತೆಗೆ ಬಂದಿದ್ದಳು. ಕೈಯಿಂದ ಕೈಗೆ ಚಾಕು ದಾಟಿಸುವಾಗ ಹಿಡಿಯನ್ನು ಮುಂದೆ ಮಾಡಿ, ಪಡೆಯುವವರು ಬಾಯಿಬಿಟ್ಟು ಹೇಳುವವರೆಗೆ ಬಿಡಬಾರದೆಂಬುದು ನಮ್ಮ ಗುಂಪಿನ ರೂಢಿ. ಉಧೇವಾಡಿಯ ಅದೇ ಜಗಲಿಯಲ್ಲಿ ಅವಳು "ಸಿಕ್ತು ಮಾವ, ಬಿಡು" ಎಂದ ಮೇಲೆ ಬಿಟ್ಟೆ. ಅವಳ ಮೊದಲ ಮೂರು ಕಡ್ಡಿಗಳ ಸುರುಳಿಗಳೆಲ್ಲ ತುಂಡಾಗಿ ಉದುರಿದವು, ನಾಲ್ಕನೆಯದರಲ್ಲಿ ಗೊಂಚಲು ನಿಂತಿತು. ಚಹಾ ಕುದಿಯುವಷ್ಟರಲ್ಲಿ ಅವಳು ಅಲಗನ್ನು ಒಣಬಟ್ಟೆಯಿಂದ ತೀಡಿ, ಒರೆಯನ್ನು ತಲೆಕೆಳಗಾಗಿ ಕೊಡವಿ ಒಲೆಯ ಪಕ್ಕ ಒಣಗಲು ಇಟ್ಟಿದ್ದಳು.